ತಲೆಕೆಳಗಾದ ಹೂಜಿ

ಕಂಚಿನ ಯುಗದಲ್ಲಿ ಕ್ರೀಟ್ ದ್ವೀಪದಲ್ಲಿ ಬಾಳಿದ ಮಿನೋವನ್ನರು ಕಲ್ಲಿನ ಪಾತ್ರೆ ಕೊರೆಯುವುದನ್ನು ಈಜಿಪ್ಟಿನಿಂದ ಕಲಿತರು ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ಬಂದಿದೆ. ಇದಕ್ಕೆ ಬುನಾದಿ ಹಾಕಿದವರಲ್ಲಿ ಮುಖ್ಯರು 1900ರಲ್ಲಿ ಕ್ರೀಟಿನ ಕ್ನೋಸಸ್ ಅರಮನೆಯನ್ನು ಅಗೆಯಲು ತೊಡಗಿದ ಆರ್ಥರ್ ಇವಾನ್ಸ್. ನೈಲ್ ಮುಖಜಭೂಮಿಯಿಂದ ಓಡಿಬಂದವರು ಕ್ರೀಟಿನಲ್ಲಿ ನೆಲೆಸಿರಬೇಕೆಂದೂ ಅವರು ಊಹಿಸಿದ್ದರು. ಆ ವಲಸೆಯ ಕಥೆಯನ್ನು ಈಗ ನಂಬುವವರು ಕಡಿಮೆ. ಗುರು-ಶಿಷ್ಯರ ಕಥೆ ಮಾತ್ರ ಗಟ್ಟಿಯಾಗಿ ಕೂತಿದೆ.

ಸಾಕ್ಷಿಯಾಗಿ ತೋರಿಸುವುದು ಕ್ನೋಸಸ್‌ನಲ್ಲಿ ಸಿಕ್ಕ ಈಜಿಪ್ಟಿನ ಬಹು ಹಳೆಯ ಕಲ್ಲು ಬಟ್ಟಲುಗಳನ್ನು. ಅವುಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ತಮಗಿಂತ ಎಷ್ಟೋ ಈಚಿನ ಪದರಗಳಲ್ಲಿ, ಇಲ್ಲವೇ ಕಲಸಿಹೋದ ಮಣ್ಣಿನಲ್ಲಿ. ಬಟ್ಟಲು ಮಾಡಿದ ಕಾಲಕ್ಕೇ ಅದು ಕಡಲು ದಾಟಿತೆಂದು ಹೇಳುವುದು ಹೇಗೆ?

ಇನ್ನು ಕ್ರೀಟಿನವರೇ ಮಾಡಿದ ಹಳೆಯ ಪಾತ್ರೆಗಳನ್ನು ನೋಡೋಣ. 1908ರಲ್ಲಿ ಪುರಾತತ್ವಜ್ಞ ರಿಚರ್ಡ್ ಸೀಗರ್ ಕ್ರೀಟಿನ ಮೋಖ್ಲೋಸ್‌ನ ಗೋರಿಗಳಲ್ಲಿ ಕಂಡ ಪಾತ್ರೆಗಳು ಕ್ರಿ.ಪೂ. ಮೂರನೆಯ ಸಹಸ್ರಮಾನದವು. ಅಲ್ಲಿಯ ಒಂದು ಮುಚ್ಚಳದ ಮೇಲೆ ನಾಯಿಯೊಂದು ಮೈಚಾಚಿ ಮಲಗಿದೆ, ಅದೇ ಹಿಡಿಕೆ. ಗೆರೆ ಕೊರೆದ ಇಂಥ ಕ್ಲೋರೈಟ್ ಕಲ್ಲಿನ ಪಾತ್ರೆಗಳ ನಂಟರನ್ನು ಹುಡುಕಬೇಕಾದರೆ ಉತ್ತರದ ಸೈಕ್ಲಡೀಸ್ ದ್ವೀಪಗಳತ್ತ ತಿರುಗಬೇಕು, ನೈಲ್ ಕಡೆಗಲ್ಲ.

ಕೊಳವೆ ಬೈರಿಗೆಯ ಮಾತು ಬೇರೆ. ಟೊಳ್ಳು ಕೊಳವೆಯನ್ನು ಉಜ್ಜುಪುಡಿ ಹಾಕಿ ತಿರುಗಿಸಿದರೆ ನಡುವೆ ಕಲ್ಲಿನ ದಿಂಡು ಉಳಿಯುತ್ತದೆ, ಅದನ್ನು ಮುರಿದು ತೆಗೆಯಬೇಕು. ಅಂಥ ದಿಂಡುಗಳು ಕ್ನೋಸಸ್‌ನಲ್ಲೂ ಸಿಕ್ಕಿವೆ. ಈ ಹತಾರ ಈಜಿಪ್ಟಿನಿಂದ ಬಂದಿರಲೂಬಹುದು, ಒಪ್ಪೋಣ. ಆದರೆ ಹತಾರದ ಜೊತೆ ಅಭಿರುಚಿಯೂ ಹಡಗು ಹತ್ತಿ ಬಂತೆನ್ನಲು ಆಧಾರ ಬೇಕು. 1969ರಲ್ಲಿ ಪೀಟರ್ ವಾರೆನ್ ಪ್ರಕಟಿಸಿದ ಮಿನೋವನ್ ಕಲ್ಲು ಪಾತ್ರೆಗಳ ದೊಡ್ಡ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ದ್ವೀಪದ್ದೇ ಕಲ್ಲಾದ ಸರ್ಪೆಂಟೈನ್. ಹಕ್ಕಿಗೂಡಿನ ಬಟ್ಟಲು, ಹೂದಳದ ಬಟ್ಟಲು ಕ್ರೀಟಿನವರದೇ ಆಕಾರಗಳು. ಈಜಿಪ್ಟಿನ ನಕಲುಗಳೂ ಇವೆ, ಒಂದು ಸಣ್ಣ ಗುಂಪಾಗಿ.

ಗುರುವಿನ ಪಾತ್ರೆ ಕೈಗೆ ಬಂದಾಗ ಈ ಶಿಷ್ಯರು ಮಾಡಿದ್ದೇನು? 1876ರಲ್ಲಿ ಪುರಾತತ್ವಜ್ಞ ಶ್ಲೀಮನ್ ಅಗೆದ, ಗ್ರೀಸಿನ ಮುಖ್ಯಭೂಮಿಯ ಮೈಸಿನಿಯ ಗೋರಿಯೊಂದರಲ್ಲಿ ಈಜಿಪ್ಟಿನ ಅಲಬಾಸ್ಟರ್ ಹೂಜಿ ಸಿಕ್ಕಿತು. ಅದನ್ನು ಬೋರಲು ಹಾಕಿ, ಹಳೆಯ ಬಾಯನ್ನು ಮುಚ್ಚಿ ತಳ ಮಾಡಿ, ದುಂಡು ತಳವನ್ನು ಕತ್ತರಿಸಿ ಹೊಸ ಬಾಯಿ ತೆರೆದಿದ್ದಾರೆ. ಮೇಲೆ ಹಿಡಿಕೆ, ಮೂತಿ ಸಿಕ್ಕಿಸಿದ್ದಾರೆ. ಈ ಕೈಚಳಕ ಕ್ರೀಟಿನ ಕುಶಲಕರ್ಮಿಗಳದು ಎಂಬುದೇ ತಜ್ಞರ ಎಣಿಕೆ. ಕ್ರೀಟಿನದೇ ಆದ ಜಾಕ್ರೋಸ್ ಅರಮನೆಯಲ್ಲೂ ಹೀಗೆ ತಿದ್ದಿದ ಈಜಿಪ್ಟಿನ ಪಾತ್ರೆ ಸಿಕ್ಕಿದೆ. ಬೆಲೆಬಾಳುವ ಪರದೇಶದ ವಸ್ತುವನ್ನು ಕೊರೆದು ತಮ್ಮ ಮೂತಿ ಜೋಡಿಸಿದವರನ್ನು ವಿಧೇಯ ವಿದ್ಯಾರ್ಥಿಗಳೆಂದು ಕರೆಯಲು ನನಗಂತೂ ಮನಸ್ಸು ಬಾರದು.