‘ನನ್ನ ಹೆಸರು ಹಾಕಿ ಸರ್’

ಬೆಂಗಳೂರಿನವರಿಗೆ ಲಾಂಗ್ ವೀಕೆಂಡ್ ಸಿಕ್ಕರೆ ಪಾಂಡಿಚೇರಿ ನೆನಪಾಗುತ್ತೆ. ಆರೇಳು ಗಂಟೆ ಡ್ರೈವ್, ಸಮುದ್ರ, ಹಳದಿ ಗೋಡೆ, ಆ ಗೋಡೆ ಮುಂದೆ ನಿಂತು ಒಂದು ಫೋಟೋ. ನಾನೂ ಹೋಗಿದ್ದೆ. ಈ ಸಲ ಜೊತೆಗೆ ಅಮ್ಮ ಇದ್ದರು. 68 ವರ್ಷ, ಮಂಡಿನೋವು, ಬೆಳಗ್ಗೆ ಐದಕ್ಕೆಲ್ಲ ಸ್ನಾನ ಆಗಲೇಬೇಕು. ರೂಮ್ ಬುಕ್ ಮಾಡುವಾಗ ಇದ್ಯಾವುದೂ ನನ್ನ ತಲೆಗೆ ಬರಲಿಲ್ಲ. ನಾನು ನೋಡಿದ್ದು ಎರಡೇ: ಫೋಟೋಗಳು, ಮತ್ತು 4.8 ಅನ್ನೋ ರೇಟಿಂಗ್.

ಪಾಂಡಿಚೇರಿಯ ಹಳೇ ಊರನ್ನು ಒಂದು ಕಾಲುವೆ ಎರಡು ಭಾಗ ಮಾಡಿದೆ. ಸಮುದ್ರದ ಕಡೆಗೆ ಫ್ರೆಂಚರಿದ್ದ ವೈಟ್ ಟೌನ್, ಪಶ್ಚಿಮಕ್ಕೆ ತಮಿಳರ ಬೀದಿಗಳು. ನಮ್ಮದು ಈ ತಮಿಳು ಬೀದಿಯ ಹಳೇ ಮನೆಯೊಂದನ್ನು ರಿಪೇರಿ ಮಾಡಿ ಕಟ್ಟಿದ, ಎಂಟು ರೂಮಿನ ಬುಟೀಕ್ ಹೋಟೆಲ್. ಮುಂದೆ ತಿಣ್ಣೈ, ಅಂದ್ರೆ ನಮ್ಮ ಜಗುಲಿ. ಒಳಗೆ ಆಕಾಶ ಕಾಣುವ ತೊಟ್ಟಿ, ಸುತ್ತ ಮರದ ಕಂಬ. ‘ನಮ್ಮಜ್ಜಿ ಮನೆ ಹೀಗೇ ಇತ್ತು ಕಣೋ’ ಅಂತ ಅಮ್ಮ ಕಂಬ ಮುಟ್ಟಿ ನೋಡಿದರು. ದಿನಕ್ಕೆ 6,500 ರೂಪಾಯಿ, ಟ್ಯಾಕ್ಸ್ ಬೇರೆ. ಆ ಕ್ಷಣಕ್ಕೆ ಕೊಟ್ಟ ದುಡ್ಡು ವಸೂಲಾಯ್ತು ಅನ್ನಿಸಿತು.

ಅನ್ನಿಸಿದ್ದು ಅಲ್ಲಿಗೇ ನಿಂತಿತು. ನಮ್ಮ ರೂಮ್ ಮೇಲಿನ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ಬಾತ್‌ರೂಮಿಗೂ ಹಾಸಿಗೆಗೂ ನಡುವೆ ಇದ್ದಿದ್ದು ಬರೀ ಗಾಜಿನ ಗೋಡೆ. ಯಾರೋ ಡಿಸೈನರ್‌ಗೆ ಇದು ಭಾರಿ ರೊಮ್ಯಾಂಟಿಕ್ ಅನ್ನಿಸಿರಬೇಕು. ಅಮ್ಮ ಸ್ನಾನಕ್ಕೆ ಹೋದಾಗೆಲ್ಲ ನಾನು ಕಾರಿಡಾರಿನಲ್ಲಿ ನಿಂತಿರುತ್ತಿದ್ದೆ. ರಾತ್ರಿ ಇನ್ನೊಂದು ಪಾಠ. ತೊಟ್ಟಿಮನೆ ಒಂದೇ ಸಂಸಾರಕ್ಕೆ ಅಂತ ಕಟ್ಟಿದ್ದು. ಅಡುಗೆಮನೆಯಲ್ಲಿ ಕರೆದರೆ ಮಹಡಿಯಲ್ಲಿ ಕೇಳಬೇಕು, ಅದೇ ಅದರ ಅನುಕೂಲ. ಅಲ್ಲಿ ಪರಿಚಯವೇ ಇಲ್ಲದ ಎಂಟು ಗುಂಪುಗಳನ್ನು ಇಟ್ಟರೆ ಅದೇ ಅನುಕೂಲ ತಿರುಗಿಬೀಳುತ್ತೆ. ಕೆಳಗಿನ ರೂಮಿನವರ ಜಗಳ ಪೂರ್ತಿ ಕೇಳಿಸಿತು. ಅದರಲ್ಲಿ ತಪ್ಪು ಯಾರದು ಅಂತ ಅಮ್ಮನಿಗೂ ನನಗೂ ಒಮ್ಮತ ಬರಲಿಲ್ಲ.

ಇದೆಲ್ಲದರ ನಡುವೆ ಒಬ್ಬ ಹುಡುಗ. 22–23 ಇರಬಹುದು, ವಿಳುಪ್ಪುರಂ ಕಡೆಯವನು. ಬ್ಯಾಗ್ ಹೊತ್ತವನು ಅವನೇ, ರಾತ್ರಿ ರಿಸೆಪ್ಷನ್‌ನಲ್ಲಿ ಕೂತವನು ಅವನೇ, ಬೆಳಗ್ಗೆ ಇಡ್ಲಿ ತಂದವನೂ ಅವನೇ. ಮೊದಲ ದಿನ ಗೀಸರ್ ಕೈಕೊಟ್ಟಾಗ, ಬೆಳಗ್ಗೆ ಐದಕ್ಕೆ ಕೆಳಗಿಂದ ಎರಡು ಬಕೆಟ್ ಬಿಸಿನೀರನ್ನು ಆ ಕಡಿದು ಮೆಟ್ಟಿಲು ಹತ್ತಿಸಿ ತಂದ. ಮಾರನೇ ದಿನ ಕೇಳದೆಯೇ ತಂದ. ಅಮ್ಮ ಬೇಡ ಅಂದರೆ ‘ಪರವಾಯಿಲ್ಲೆಮ್ಮಾ’ ಅಂದ. ಆಮೇಲೆ ಅಮ್ಮ ನನ್ನನ್ನು ಕೇಳಿದರು, ‘ಈ ಮಗು ಮಲಗೋದು ಯಾವಾಗ?’ ನನಗೆ ಗೊತ್ತಿರಲಿಲ್ಲ. ಆ ಪ್ರಶ್ನೆ ನನಗೆ ಹೊಳೆದೂ ಇರಲಿಲ್ಲ.

ಹೊರಡುವಾಗ ಅವನು ಕಾರಿನವರೆಗೂ ಬಂದು, ಸ್ವಲ್ಪ ಸಂಕೋಚದಿಂದಲೇ ಹೇಳಿದ. ‘ಸರ್, ರಿವ್ಯೂ ಬರೆದರೆ ನನ್ನ ಹೆಸರು ಹಾಕಿ ಸರ್. ಹೆಸರು ಬಂದರೆ ತಿಂಗಳ ಕೊನೆಗೆ ಸ್ವಲ್ಪ ಎಕ್ಸ್‌ಟ್ರಾ ಸಿಗುತ್ತೆ.’

ಬೆಂಗಳೂರಿಗೆ ಬಂದು ಬರೆದೆ. ಗಾಜಿನ ಗೋಡೆ, ಸದ್ದು, ಮೆಟ್ಟಿಲು, ಗೀಸರ್ ಎಲ್ಲ ಬರೆದೆ. ಹುಡುಗನ ಹೆಸರು ಹಾಕಿ ಚೆನ್ನಾಗಿ ಹೊಗಳಿದೆ. ಒಟ್ಟು ಮೂರು ಸ್ಟಾರ್. ಒಂದು ಗಂಟೆಯಲ್ಲಿ ಹೋಟೆಲಿನಿಂದ ಮೆಸೇಜ್ ಬಂತು. ತುಂಬಾ ವಿನಯದ ಇಂಗ್ಲಿಷಿನಲ್ಲಿ ಕೇಳಿದ್ದು ಇಷ್ಟೇ: ನಿಮ್ಮ ವಾಸ್ತವ್ಯದ ವೇಳೆ ಡ್ಯೂಟಿಯಲ್ಲಿದ್ದವನು ಇವನೇ, ಇವನ ಕಡೆಯಿಂದ ಎಲ್ಲಿ ಲೋಪ ಆಯ್ತು ದಯವಿಟ್ಟು ತಿಳಿಸಿ, ನಾವು ಕ್ರಮ ತಗೊಳ್ತೀವಿ.

ಲೋಪ ಗಾಜಿನದು, ಗೀಸರಿನದು. ರಾತ್ರಿಗೊಬ್ಬ ಹಗಲಿಗೊಬ್ಬ ಅಂತ ಇನ್ನೊಂದು ಸಂಬಳ ಕೊಡದವರದು. ಅದನ್ನೇ ಬರೆದು ಕಳಿಸಬಹುದಿತ್ತು. ಕಳಿಸಲಿಲ್ಲ. ರಿವ್ಯೂಗೆ ಹೋಗಿ ಮೂರನ್ನು ಐದು ಮಾಡಿದೆ, ದೂರುಗಳನ್ನೆಲ್ಲ ಅಳಿಸಿದೆ, ‘ಮನೆಯಂಥ ಆತಿಥ್ಯ’ ಅಂತ ಸೇರಿಸಿದೆ. ಆಮೇಲೆ ಸುಮ್ಮನೆ ಅಲ್ಲಿದ್ದ ಹಳೇ ರಿವ್ಯೂಗಳನ್ನು ಓದುತ್ತಾ ಹೋದೆ. ಎಲ್ಲದರಲ್ಲೂ ಯಾರಾದರೊಬ್ಬರ ಹೆಸರು, ‘ಮನೆಯವರ ಥರ ನೋಡಿಕೊಂಡರು’ ಅನ್ನೋ ಮಾತು. ಮೆಟ್ಟಿಲಿನ ಬಗ್ಗೆ ಒಂದಕ್ಷರ ಇಲ್ಲ. ಇವರಲ್ಲಿ ಎಷ್ಟು ಜನ ನನ್ನ ಹಾಗೆಯೇ ಐದು ಒತ್ತಿದ್ದರೋ!

1984ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿ ಇಯಾನ್ ಶ್ರೇಗರ್ ಮತ್ತು ಸ್ಟೀವ್ ರುಬೆಲ್ ಮಾರ್ಗನ್ಸ್ ಅನ್ನೋ ಹೋಟೆಲ್ ಶುರು ಮಾಡಿದರು. ದೊಡ್ಡ ಹೋಟೆಲುಗಳು ಡಿಪಾರ್ಟ್‌ಮೆಂಟ್ ಸ್ಟೋರ್ ಇದ್ದ ಹಾಗೆ, ನಮ್ಮದು ಬುಟೀಕ್ ಅಂಗಡಿ ಅಂತ ರುಬೆಲ್ ಹೇಳಿದ ಹೋಲಿಕೆಯಿಂದ ಈ ಹೆಸರು ಬಳಕೆಗೆ ಬಂತು ಅಂತಾರೆ. ಚಿಕ್ಕದು, ಆದ್ದರಿಂದ ನಿಮ್ಮನ್ನು ಹೆಸರಿಟ್ಟು ಕರೀತೀವಿ ಅನ್ನೋದು ಇಂಥ ಹೋಟೆಲಿನ ಆಮಿಷ. ಆದರೆ ದೊಡ್ಡ ಹೋಟೆಲಿನಲ್ಲಿ 40 ಜನ ಹಂಚಿಕೊಳ್ಳುವ ಕೆಲಸ ಇಲ್ಲಿ ಮೂರೋ ನಾಲ್ಕೋ ಜನರ ಮೇಲೆ ಬೀಳುತ್ತೆ. ನಾವು ‘ಆತ್ಮೀಯತೆ’ ಅಂತ ಹೊಗಳೋದು ಎಷ್ಟೋ ಸಲ ಒಬ್ಬನ ಡಬಲ್ ಶಿಫ್ಟ್. ಬೈದರೂ ಅವನಿಗೇ ತಗಲುತ್ತೆ, ಯಾಕಂದ್ರೆ ರಿವ್ಯೂನಲ್ಲಿ ಹೆಸರಿರೋದು ಅವನೊಬ್ಬನದೇ. ಮಾಲೀಕರ ಹೆಸರು ನಮಗೆ ಗೊತ್ತಿರೋದೇ ಇಲ್ಲ.

ಸುಳ್ಳು ರಿವ್ಯೂ ತಡೆಯೋಕೆ ನಮ್ಮಲ್ಲಿ 2022ರಲ್ಲಿ ಭಾರತೀಯ ಮಾನಕ ಬ್ಯೂರೋ ಐಎಸ್ 19000 ಅನ್ನೋ ಮಾನದಂಡವನ್ನೇ ತಂದಿತು. ದುಡ್ಡು ಕೊಟ್ಟು ಬರೆಸಿದ್ದು, ಉಳಿದೇ ಇಲ್ಲದವರು ಬರೆದದ್ದು, ಇಂಥವನ್ನು ಹೇಗಾದರೂ ಹಿಡಿಯಬಹುದು. ನನ್ನದನ್ನು ಹೇಗೆ ಹಿಡೀತಾರೆ? ನಾನು ನಿಜವಾಗಿ ಉಳಿದಿದ್ದೆ, ನಿಜವಾಗಿ ಬಿಲ್ ಕಟ್ಟಿದ್ದೆ, ಯಾರಿಂದಲೂ ಒಂದು ರೂಪಾಯಿ ತಗೊಂಡಿಲ್ಲ. ಆದರೂ ಬರೆದದ್ದು ಸುಳ್ಳು. ಅದನ್ನು ನಂಬಿ ನಾಳೆ ಇನ್ಯಾರೋ ತಮ್ಮ ಅಮ್ಮನನ್ನು ಕರೆದುಕೊಂಡು ಆ ಮೆಟ್ಟಿಲು ಹತ್ತುತ್ತಾರೆ.

ಮುಂದಿನ ಸಲ ನಾನು ರಿವ್ಯೂವನ್ನು ಎರಡು ಭಾಗ ಮಾಡಿ ಬರೆಯೋದು ಅಂದುಕೊಂಡಿದ್ದೇನೆ. ಮೊದಲು ಮಾಲೀಕರು ನಿರ್ಧಾರ ಮಾಡಿದ್ದು: ಗೋಡೆ, ಬಾಗಿಲು, ಮೆಟ್ಟಿಲು, ನೀರು, ರಾತ್ರಿ ಎಷ್ಟು ಜನ ಕೆಲಸಕ್ಕಿದ್ದರು. ಸ್ಟಾರ್ ಇದಕ್ಕೆ ಮಾತ್ರ. ಆಮೇಲೆ ಕೆಲಸದವರು ಮಾಡಿದ್ದು, ಬೇರೆ ಪ್ಯಾರಾದಲ್ಲಿ, ‘ಇವರಿಗೂ ಮೇಲಿನ ದೂರುಗಳಿಗೂ ಸಂಬಂಧವಿಲ್ಲ’ ಅಂತ ಸ್ಪಷ್ಟವಾಗಿ. ಮಾಲೀಕರು ಇದನ್ನು ಹೇಗೆ ಓದಿಕೊಳ್ಳುತ್ತಾರೋ ಗೊತ್ತಿಲ್ಲ. ‘ಕ್ರಮ’ ಅನ್ನೋ ಪದಕ್ಕೆ ಕನಿಷ್ಠ ಸುಲಭದ ದಾರಿ ಸಿಗದಿರಲಿ.

ಐದು ಸ್ಟಾರಿನ ಆ ರಿವ್ಯೂ ಇನ್ನೂ ಹಾಗೇ ಇದೆ. ತೆಗೆಯೋಕೆ ಎರಡು ಸಲ ಫೋನ್ ಕೈಗೆತ್ತಿಕೊಂಡೆ, ಎರಡೂ ಸಲ ಅಮ್ಮ ‘ಆ ಹುಡುಗನಿಗೆ ತೊಂದರೆ ಆಗಲ್ವಾ?’ ಅಂದರು. ಅದಕ್ಕೇ ನಿಜವಾದ ರಿವ್ಯೂ ಇಲ್ಲಿ ಬರೆದಿದ್ದೇನೆ, ಹೋಟೆಲಿನ ಹೆಸರಿಲ್ಲದೆ. ಹೆಸರು ಹಾಕಿ ಸರ್ ಅಂತ ಕೇಳಿದ್ದ ಹುಡುಗನ ಹೆಸರನ್ನೂ ಹಾಕಿಲ್ಲ.