ಕಡಲಿಲ್ಲದ ಸೀಮೆಯ ಹೃದಯದ ಹಾಡು

ಹೃದಯ ಅಂದರೆ ಸಿನಿಮಾದವರಿಗೆ ಸಾಮಾನ್ಯವಾಗಿ ಪ್ರೀತಿ, ಪತ್ರ, ಗುಲಾಬಿ. 1990ರ ‘ಅಶ್ವಮೇಧ’ ಚಿತ್ರದ ಒಂದು ಹಾಡು ಈ ದಾರಿ ಹಿಡಿಯಲಿಲ್ಲ. ಅಲ್ಲಿ ಹೃದಯವೆಂಬುದು ಕಲಕಿದ ಸಮುದ್ರ. ಮೇಲೆದ್ದು ಬಂದದ್ದು ರೋಷ. ರಾಗ ಹಾಕಿದವರು ಸಂಗೀತ ರಾಜ, ಪರದೆಯ ಮೇಲೆ ಕುಮಾರ್ ಬಂಗಾರಪ್ಪ, ದನಿ ರಾಜಕುಮಾರ್ ಅವರದು. ಒಂದು ಒತ್ತಕ್ಷರವನ್ನೂ ನುಂಗದೆ, ಉಸಿರು ಎಲ್ಲಿ ಎಳೆದುಕೊಂಡರೆಂದೇ ತಿಳಿಯದಂತೆ ಏರುವ ಓಟ ಅದು! ಇರಕಲ್ಲಗಡದಂಥ, ಕಡಲು ಕಾಣದ ಕಲ್ಲುಗುಡ್ಡದ ಸೀಮೆಯಲ್ಲಿ ಹಾಡಿನ ಗೆಲುವನ್ನು ಅಳೆಯುವುದು ಟಾಪ್‌ ಟೆನ್‌ ಪಟ್ಟಿಯಿಂದಲ್ಲ, ಜಾತ್ರೆಯ ರಸಮಂಜರಿಯಲ್ಲಿ ಬೀಳುವ ‘ಒನ್ಸ್‌ ಮೋರ್‌’ನಿಂದ. ಅಲ್ಲಿ ಹಾಡುವವನಿಗೆ ಈ ಹಾಡು ಪರೀಕ್ಷೆ (ಕೇಳುವವರಿಗೂ ಕೆಲವೊಮ್ಮೆ). ಪಲ್ಲವಿ ದಾಟಿಸುವವರು ಹಲವರು. ಚರಣದ ಕೊನೆತನಕ ದಮ್ಮು ಉಳಿಸಿಕೊಂಡವನಿಗೆ ಸೀಟಿ, ಶಾಲು, ನೂರರ ನೋಟು.