ಮಟ್ಟು ತಿಳಿದು ಓದಬೇಕಾದ ನಾಟಕ

ಯುದ್ಧಕಾಲದ ಪ್ರತಿರೋಧ ಹೋರಾಟಗಾರರು ಬರೆದ ನಾಟಕವೆಂದೊಡನೆ ವೀರರಸವನ್ನೋ ಕರುಣರಸವನ್ನೋ ನಿರೀಕ್ಷಿಸುವ ಹೊಸ ಓದುಗರಿಗೆ, ಫ್ರಾನ್ಸಿನ ಜರ್ಮೇನ್ ತಿಲ್ಯೋಂ 1944ರಲ್ಲಿ ರಾವೆನ್ಸ್‌ಬ್ರುಕ್ ಎಂಬ ನಾಜಿ ಮಹಿಳಾ ಯಾತನಾಶಿಬಿರದಲ್ಲಿ ರಚಿಸಿದ ‘ನರಕದಲ್ಲಿ ಫರ್‌ಫ್ಯೂಗ್‌ಬಾರ್’ ಎಂಬ ಗೀತನಾಟಕವು ಆರಂಭದಲ್ಲೇ ಕಸಿವಿಸಿ ಉಂಟುಮಾಡುತ್ತದೆ, ಏಕೆಂದರೆ ಅದು ಆದ್ಯಂತ ವಿಡಂಬನೆ. ಅಲ್ಜೀರಿಯಾದ ಔರೆಸ್ ಬೆಟ್ಟಗಾಡಿನ ಜನಜೀವನವನ್ನು ಅಧ್ಯಯನ ಮಾಡಿದ್ದ ಈ ಮಾನವಶಾಸ್ತ್ರಜ್ಞೆ ಪ್ಯಾರಿಸ್ಸಿನ ಗುಪ್ತ ಪ್ರತಿರೋಧ ಜಾಲವೊಂದರಲ್ಲಿದ್ದು, 1942ರ ಆಗಸ್ಟಿನಲ್ಲಿ ಸೆರೆಸಿಕ್ಕಿ, ಮರುವರ್ಷ ಶಿಬಿರ ಸೇರಿದರು. ಫರ್‌ಫ್ಯೂಗ್‌ಬಾರ್ ಎಂದರೆ ಜರ್ಮನ್ ಭಾಷೆಯಲ್ಲಿ ‘ಕೈಗೆ ಸಿಗುವವರು’. ಯಾವ ನಿಗದಿತ ತಂಡಕ್ಕೂ ಸೇರದ, ಆದ್ದರಿಂದ ಯಾವ ಕೂಲಿಗೂ ಎಳೆದೊಯ್ಯಬಹುದಾದ ಬಂದಿಗಳಿಗೆ ಶಿಬಿರದಲ್ಲಿದ್ದ ಹೆಸರು ಇದು. ಲೂಟಿಯ ಸಾಮಾನು ಇಳಿಸುವ ಕಡೆ ತಿಲ್ಯೋಂ ಸರಕಿನ ಪೆಟ್ಟಿಗೆಯೊಳಗೆ ಅಡಗಿ ಕುಳಿತು ಬರೆದರೆ, ಸಂಗಾತಿಗಳು ಅವರನ್ನು ಮರೆಮಾಡಿದರು.

ರಂಗದ ಮೇಲೆ ಮೊದಲು ಬರುವವನು ಪ್ರಕೃತಿವಿಜ್ಞಾನಿ. ಹೊಸ ಜೀವಜಾತಿಯೊಂದನ್ನು ವರ್ಣಿಸುವ ಗತ್ತಿನಲ್ಲಿ ಅವನು ಫರ್‌ಫ್ಯೂಗ್‌ಬಾರ್ ಎಂಬ ಪ್ರಾಣಿಯ ಹುಟ್ಟು, ಮೈಕಟ್ಟು, ಆಹಾರ, ರೋಗಗಳ ಬಗ್ಗೆ ಉಪನ್ಯಾಸ ಕೊಡುತ್ತಿರುವಾಗ, ವರ್ಣನೆಗೆ ಗುರಿಯಾದ ಬಂದಿಗಳೇ ನಡುವೆ ಬಾಯಿ ಹಾಕಿ ಅವನನ್ನು ಅಣಕಿಸುತ್ತಾರೆ. ಇಲ್ಲಿಯ ನಗು ಬಹುಪಾಲು ಬಂದಿಗಳು ತಮ್ಮ ಮೇಲೆಯೇ ನಕ್ಕ ನಗು. ಒಬ್ಬಾಕೆ ನೀರು, ಗ್ಯಾಸು, ವಿದ್ಯುತ್ತು ಎಲ್ಲವೂ ಇರುವ ಮಾದರಿ ಶಿಬಿರದ ಕನಸು ಕಂಡರೆ, ಮೇಳದವರು ಅದರಲ್ಲಿ ಗ್ಯಾಸೆಂಬ ಒಂದು ಮಾತನ್ನಷ್ಟೇ ಹೆಕ್ಕಿ ಎತ್ತಿಕೊಳ್ಳುತ್ತಾರೆ. ಇದನ್ನು ಓದುವಾಗ ಒಂದು ಸಂಗತಿ ನೆನಪಿನಲ್ಲಿರಬೇಕು: 1945ರ ಮಾರ್ಚಿನಲ್ಲಿ, ಅದೇ ಶಿಬಿರದಲ್ಲಿ, ಲೇಖಕಿಯ ತಾಯಿ ಎಮಿಲಿ ಅವರನ್ನು ವಿಷಾನಿಲದಿಂದ ಕೊಲ್ಲಲಾಯಿತು.

ಆದರೆ ಕೃತಿಯ ಜೀವಾಳವಿರುವುದು ಮಟ್ಟಿನಲ್ಲಿ. ಹಳೆಯ ಕನ್ನಡ ಕಂಪನಿ ನಾಟಕದ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ಜನಪ್ರಿಯ ಹಾಡೊಂದರ ಮಟ್ಟನ್ನು ಸೂಚಿಸುತ್ತಿದ್ದುದನ್ನು ಬಲ್ಲವರಿಗೆ ಈ ಕ್ರಮ ಹೊಸದೆನಿಸದು. ತಿಲ್ಯೋಂ ಕೂಡ ಸ್ವಂತ ಸಂಗೀತವಿಲ್ಲದೆ, ಎಲ್ಲರ ನಾಲಗೆಯ ಮೇಲಿದ್ದ ಆಪೆರಾ ಗೀತೆ, ಜನಪ್ರಿಯ ಹಾಡು, ಜಾಹೀರಾತಿನ ಪಲ್ಲವಿಗಳಿಗೆ ಶಿಬಿರದ ಮಾತು ತುಂಬಿದರು. ಹೆಸರೇ ಆಫೆನ್‌ಬಾಕ್‌ನ 1858ರ ‘ನರಕದಲ್ಲಿ ಆರ್ಫಿಯಸ್’ ಎಂಬ ಹಾಸ್ಯ ಗೀತನಾಟಕದ ಅಣಕು. ಲವಲವಿಕೆಯ ಧಾಟಿಗೂ ಹಸಿವಿನ ಮಾತಿಗೂ ನಡುವಿನ ಘರ್ಷಣೆಯಲ್ಲೇ ಇದರ ರಸವಿದೆ. ಮಟ್ಟನ್ನು ಮರೆತು ಬರಿಯ ಮಾತು ಓದಿದವರಿಗೆ ಅರ್ಧ ನಾಟಕವಷ್ಟೇ ದಕ್ಕುತ್ತದೆ.

ದಾಖಲೆ ಸಂರಕ್ಷಣೆಯ ತೊಡಕೂ ಇದೇ. ಶಿಬಿರದಿಂದ ಕದ್ದು ಹೊರತಂದ ಹಸ್ತಪ್ರತಿ ಇಂದು ಬೆಸಾನ್ಸೋಂ ನಗರದ ಪ್ರತಿರೋಧ ಮತ್ತು ಗಡೀಪಾರು ವಸ್ತುಸಂಗ್ರಹಾಲಯದಲ್ಲಿದೆ, ಆದರೆ ಅದರಲ್ಲಿ ಸ್ವರಲಿಪಿ ಇಲ್ಲ. ಕಾಗದ ಉಳಿದರೂ ಹಾಡಿಕೊಳ್ಳುತ್ತಿದ್ದ ತಲೆಮಾರು ಸರಿದಂತೆ ಧಾಟಿ ಅಳಿಯುತ್ತದೆ, ಆದ್ದರಿಂದ ಇಂಥ ಕೃತಿಯ ಸಂಪಾದಕರು ಪಾಠದಷ್ಟೇ ಶ್ರದ್ಧೆಯಿಂದ ಮಟ್ಟುಗಳನ್ನೂ ಅರಸಬೇಕಾಗುತ್ತದೆ. ಪುಸ್ತಕವಾಗಿ ಬಂದದ್ದು 2005ರಲ್ಲಿ. ಲೇಖಕಿಗೆ ನೂರು ತುಂಬಿದ 2007ರಲ್ಲಿ ಪ್ಯಾರಿಸ್ಸಿನ ಶಾತ್ಲೆ ರಂಗಮಂದಿರದಲ್ಲಿ ಇದು ರಂಗವೇರಿತು. ಓದಲು ಹೊರಡುವವರು ಮೊದಲು ಆಫೆನ್‌ಬಾಕ್‌ನನ್ನು ಒಮ್ಮೆ ಕಿವಿತುಂಬ ಕೇಳಿಕೊಂಡು, ಆಮೇಲೆ ಪುಟ ತೆರೆಯುವುದು ಒಳಿತು.